ಕಿತ್ತುಕೊಂಡ ಕೋಲು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ನೋಡಿ, ಶ್ರೀಮಂತ ಎಂದ ಕೂಡಲೇ ಹಿಂದಿನ ಸಾಲಿನವರೂ ಸೆಟೆದು ಕುಳಿತಿರಿ! ದುಡ್ಡಿನ ಶ್ರೀಮಂತನಲ್ಲಪ್ಪಾ, ಕೈಯ ಶ್ರೀಮಂತ. ಸ್ನೂಕರ್ ಆಡುವುದೇ ಅವನ ಕಸುಬು. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಉದ್ದನೆಯ ಕೋಲು, ಬಿಳಿ ಚೆಂಡಿನಿಂದ ಬಣ್ಣದ ಚೆಂಡನ್ನು ಹೊಡೆದು ಕುಳಿಗೆ ಬೀಳಿಸುವ ಆಟ. ಟೀವಿಯಲ್ಲಿ ನೋಡಿರುತ್ತೀರಿ.

ಅವನಿಗೆ ಯಾರೂ ಕಲಿಸಿರಲಿಲ್ಲ. ಕೋಲು ಹಿಡಿದ ಮೊದಲ ದಿನವೇ ಚೆಂಡು ಅವನು ಹೇಳಿದಂತೆ ಕೇಳಿತು. ಜನ ಕೈಗುಣ ಎಂದರು. ಹೌದು, ಕೈಗುಣವೇ, ಭಗವಂತ ಕೊಟ್ಟದ್ದು. ಅದರಲ್ಲಿ ತಪ್ಪೇನಿದೆ? ಏನೂ ಇಲ್ಲ. ತಪ್ಪು ಮುಂದೆ ಬರುತ್ತದೆ, ತಾಳಿ.

ಅವನು ಆಡುತ್ತಿದ್ದ ಕ್ಲಬ್ಬಿನಲ್ಲೇ ಇನ್ನೊಬ್ಬ ಆಟಗಾರನಿದ್ದ. ಪಾಪ, ಅವನಿಗೆ ಕೈಗುಣ ಎಳ್ಳಷ್ಟೂ ಇರಲಿಲ್ಲ. ಒಂದೇ ಹೊಡೆತವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಡೆಯುತ್ತಾ ಮೇಜಿನ ಸುತ್ತ ಸುತ್ತುತ್ತಿದ್ದ. ನಮ್ಮ ಶ್ರೀಮಂತ ಅವನಿಗೆ ಗಾಣದೆತ್ತು ಎಂದು ಹೆಸರಿಟ್ಟ. "ಏನೋ ಗಾಣದೆತ್ತು, ಎಣ್ಣೆ ಬಂತಾ?" ಎಂದರೆ ಕ್ಲಬ್ಬೆಲ್ಲ ನಗುತ್ತಿತ್ತು. ಗಾಣದೆತ್ತೂ ನಗುತ್ತಿದ್ದ. ನಕ್ಕು, ಗೋಡೆಗೊರಗಿ, ಇವನು ಆಡುವುದನ್ನೇ ನೋಡುತ್ತಾ ನಿಲ್ಲುತ್ತಿದ್ದ.

ಶ್ರೀಮಂತನಿಗೆ ಒಬ್ಬಳೇ ಮಗಳು. ಒಂದು ದಿನ ಅವಳು, "ಅಪ್ಪಾ, ನಂಗೂ ಕಲಿಸು" ಎಂದಳು. ಅವನ ಎದೆ ಉಬ್ಬಿತು. ತನ್ನ ಆಟವನ್ನು ತನ್ನ ಕೈಯಾರೆ ಮಗಳಿಗೆ ಕೊಡಬೇಕು ಎಂಬುದಕ್ಕಿಂತ ದೊಡ್ಡ ಆಸೆ ಅವನಿಗೆ ಇರಲಿಲ್ಲ. ಕ್ಲಬ್ಬಿಗೆ ಕರೆದೊಯ್ದ. ಅವಳು ಬಗ್ಗಿ ಹೊಡೆದಳು. ತಪ್ಪಿತು.

"ಹಾಗಲ್ಲಮ್ಮಾ, ಹೀಗೆ" ಎಂದು ಅವಳ ಕೈಯಿಂದ ಕೋಲು ಕಿತ್ತುಕೊಂಡು ತಾನೇ ಹೊಡೆದ. ಚೆಂಡು ಕುಳಿಗೆ ಬಿತ್ತು.

"ಹೀಗೆ ಅಂದ್ರೆ ಹೇಗಪ್ಪಾ? ಕಾಲು ಎಲ್ಲಿಡ್ಬೇಕು? ಕಣ್ಣು ಯಾವ ಚೆಂಡಿನ ಮೇಲಿರ್ಬೇಕು?"

"ಅದೆಲ್ಲಾ ನಂಗೇನ್ ಗೊತ್ತು? ನೋಡೋದು, ಹೊಡಿಯೋದು. ಅಷ್ಟೇ."

ಮತ್ತೆ ಹೊಡೆದಳು, ಮತ್ತೆ ತಪ್ಪಿತು. ಮತ್ತೆ ಕಿತ್ತುಕೊಂಡ. ನೋಡಿ, ಪ್ರೀತಿಯಿಂದಲೇ ಕಿತ್ತುಕೊಂಡ. ಆದರೂ ಕಿತ್ತುಕೊಂಡ! ಕೊನೆಗೊಂದು ದಿನ ಅವಳು ತಪ್ಪಿದ ಕೂಡಲೇ ತಾನಾಗಿಯೇ ಕೋಲನ್ನು ಅವನ ಕಡೆ ಚಾಚಿದಳು. "ತಗೋ ಅಪ್ಪಾ, ನೀನೇ ಹೊಡಿ."

"ನಿಂಗೆ ಕೈ ಇಲ್ಲ, ಬಿಡಮ್ಮಾ" ಎಂದುಬಿಟ್ಟ. ಅಲ್ಲಿಂದಾಚೆಗೆ ಅವಳು ಅವನ ಜೊತೆ ಕ್ಲಬ್ಬಿಗೆ ಹೋಗಲಿಲ್ಲ.

ಆದರೆ ಆಸೆ ಸಾಯುತ್ತದೆಯೇ? ಅಪ್ಪ ಪಂದ್ಯಕ್ಕೆಂದು ಪರವೂರಿಗೆ ಹೋದಾಗ ಅವಳು ಗಾಣದೆತ್ತಿನ ಬಳಿ ಕಲಿಯತೊಡಗಿದಳು. ಸುದ್ದಿ ತಿಳಿದು ಅಪ್ಪನಿಗೆ ಉರಿ ಹತ್ತಿತು. ಆದರೆ ಯಾವ ಮುಖ ಇಟ್ಟುಕೊಂಡು ಬೇಡ ಎನ್ನುವುದು?

ಕೆಲವು ವರ್ಷ ಕಳೆದು ಅವಳು ರಾಜ್ಯ ಮಟ್ಟದ ಪಂದ್ಯದ ಕೊನೆಯ ಸುತ್ತಿಗೆ ಬಂದಳು. ಇವನು ಹಿಂದಿನ ಕುರ್ಚಿಯಲ್ಲಿ ಹೋಗಿ ಕುಳಿತ. ಮೇಜಿನ ಮೇಲೆ ಕಪ್ಪು ಚೆಂಡೊಂದೇ ಉಳಿದಿತ್ತು, ಅದು ಬಿದ್ದರೆ ಗೆಲುವು. ಅವಳು ಬಗ್ಗಿ ಕೋಲನ್ನು ಹಿಂದಕ್ಕೆಳೆದಳು. ಹೊಡೆಯುವ ಮುನ್ನ ಉಸಿರು ಹಿಡಿದು ಒಂದು ಕ್ಷಣ ತಡೆದಳು. ಎಡ ಹಿಮ್ಮಡಿ ತುಸು ಮೇಲೆದ್ದಿತು. ಹೊಡೆದಳು. ಬಿತ್ತು!

ಚಪ್ಪಾಳೆಯ ನಡುವೆ ಅವಳು ಮೊದಲು ಗಾಣದೆತ್ತಿನ ಕಾಲಿಗೆ ಎರಗಿದಳು. ಆಮೇಲೆ ಅಪ್ಪನ ಕಾಲಿಗೆ.

ಅಪ್ಪ ನಾಚಿಕೆ ನುಂಗಿಕೊಂಡು ಗಾಣದೆತ್ತನ್ನು ಕೇಳಿದ: "ಹೊಡೆಯೋಕೆ ಮುಂಚೆ ತಡೀತಾಳಲ್ಲ, ಹಿಮ್ಮಡಿ ಎತ್ತುತಾಳಲ್ಲ, ಬಹಳ ಚೆನ್ನಾಗಿದೆ ಕಣೋ. ಇದನ್ನ ಯಾರ ಹತ್ರ ಕಲಿತೆ?"

"ಯಾರ ಹತ್ರ ಅಂದ್ರೆ? ಅದು ನಿಮ್ದೇ ಅಣ್ಣಾ! ಗೋಡೆಗೆ ಒರಗಿ ಅಷ್ಟು ವರ್ಷ ನಿಮ್ಮನ್ನೇ ನೋಡ್ತಿದ್ನಲ್ಲ. ನಿಮಗೇ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ತನ್ನ ಹಿಮ್ಮಡಿ ಏಳುವುದು ಅವನಿಗೆ ಗೊತ್ತಿರಲಿಲ್ಲ. ಒಂದೇ ಒಂದು ದಿನ ಮಗಳಿಗಾಗಿ ನಿಧಾನವಾಗಿ ಆಡಿ, ತನ್ನನ್ನು ತಾನೇ ನೋಡಿಕೊಂಡಿದ್ದರೆ ತಿಳಿಯುತ್ತಿತ್ತು. ಮನೆಯ ಆಸ್ತಿ ಮನೆಗೇ ಬಂತು, ಆದರೆ ಇನ್ನೊಬ್ಬರ ಕೈಯಿಂದ ಬಂತು. ಸಂತೋಷಪಡಬೇಕಲ್ಲವೇ? ಪಟ್ಟ. ಸಂತೋಷದ ಒಳಗೇ ಕುಳಿತು ಅತ್ತ. ಅವಳು "ಕಲಿಸು" ಎಂದ ದಿನ ಮತ್ತೆ ಬರುತ್ತದೆಯೇ? ಬರುವುದಿಲ್ಲ.

ಅಯ್ಯೋ ಪಾಪ ಎನ್ನುತ್ತಿದ್ದೀರಿ. ಅವನಿಗೆ ಅನ್ನಬೇಡಿ, ನಿಮಗೇ ಅಂದುಕೊಳ್ಳಿ. ತಾಯಂದಿರೇ, ಸೊಸೆ "ಸಾರಿಗೆ ಉಪ್ಪು ಎಷ್ಟತ್ತೆ?" ಎಂದರೆ ಏನು ಹೇಳುತ್ತೀರಿ? "ಕೈಗೆ ಬಂದಷ್ಟು!" ಎಂದು ಹೇಳಿ ಸೌಟು ಕಿತ್ತುಕೊಳ್ಳುತ್ತೀರಿ. ಯಜಮಾನರೇ, ಮಗ ಮೊಳೆ ಹೊಡೆಯಲು ಹೋದರೆ "ನಿನ್ನ ಕೈಲಾಗಲ್ಲ, ಕೊಡಿಲ್ಲಿ" ಎಂದು ಸುತ್ತಿಗೆ ಕಿತ್ತುಕೊಂಡವರು ಇಲ್ಲಿ ಎಷ್ಟು ಜನ ಇದ್ದೀರಿ? ತಲೆ ತಗ್ಗಿಸಬೇಡಿ, ನನಗೆ ಕಾಣುತ್ತಿದೆ. ಭಗವಂತ ನಿಮಗೆ ಕೈಗುಣ ಕೊಟ್ಟದ್ದು ನಿಮ್ಮ ಜೊತೆಗೇ ಮಣ್ಣಾಗಲಿ ಎಂದೇ?

ನಾಳೆ ಬೆಳಿಗ್ಗೆ ಇಷ್ಟು ಮಾಡಿ. ಮಗಳು ಲಟ್ಟಿಸಿದ ಚಪಾತಿ ಭೂಪಟದ ಹಾಗೆ ಬರಲಿ, ನಿಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಿ. ಅವಳು ಹೇಗೆ ಎಂದು ಕೇಳಿದಾಗ ನಿಮಗೇ ಗೊತ್ತಿಲ್ಲದಿದ್ದರೆ, ನಿಧಾನವಾಗಿ ಒಮ್ಮೆ ಮಾಡಿ ನೋಡಿಕೊಂಡು ಉತ್ತರ ಹೇಳಿ. ಮಕ್ಕಳು ಯಾವಾಗಲೂ ಕೇಳುತ್ತಲೇ ಇರುವುದಿಲ್ಲ. ಒಂದು ದಿನ "ತಗೋ, ನೀನೇ ಮಾಡು" ಎಂದು ಕೈಯಲ್ಲಿದ್ದದ್ದನ್ನು ನಿಮ್ಮ ಕಡೆ ಚಾಚುತ್ತಾರೆ. ಅದನ್ನು ತೆಗೆದುಕೊಳ್ಳಬೇಡಿ.