ಪಾತ್ರೆ ಪುಡಿಯಲ್ಲಿ ಉಜ್ಜಿದ ನಾಣ್ಯಗಳು

ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಅಂಗಡಿಯೊಂದಕ್ಕೆ ಹೋಗಿದ್ದೆ. ಆ ಅಂಗಡಿಯವರು ಹಳೆಯ ನಾಣ್ಯಗಳನ್ನೂ ನೋಡಿ ಬೆಲೆ ಹೇಳುತ್ತಾರೆ. ನನಗಿಂತ ಮುಂದಿದ್ದ ಅಜ್ಜಿಯೊಬ್ಬರು ಬಿಸ್ಕತ್ತಿನ ಡಬ್ಬಿಯೊಂದನ್ನು ಗಾಜಿನ ಕೌಂಟರಿನ ಮೇಲೆ ಸುರಿದರು. ನಾಣ್ಯಗಳು, ಟ್ರಾಮಿನ ಟೋಕನ್ನುಗಳು ಎಲ್ಲವೂ ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಅಂಗಡಿಯವರು ಭೂತಗನ್ನಡಿ ಹಿಡಿದು ನೋಡಿದರು.

“ಇವನ್ನ ಯಾರಮ್ಮ ತೊಳೆದಿದ್ದು?”

“ನಾನೂ ಮೊಮ್ಮಗಳೂ. ಪಾತ್ರೆ ಪುಡಿ ಹಾಕಿ ಒಂದು ವಾರ ಉಜ್ಜಿದ್ವಿ. ಮಸಿಯರಿವೆ ಥರ ಇದ್ವು ನೋಡಿ.”

“ಆ ಕಪ್ಪಿಗೇ ಅಮ್ಮಾ ಬೆಲೆ. ಉಜ್ಜಿದ್ರೆ ಮೇಲಿನ ಪದರ ಹೋಗ್ಬಿಡುತ್ತೆ. ಇನ್ನು ಇವು ಬರೀ ಲೋಹ.”

“ಅಯ್ಯೋ, ಅದಕ್ಕೇನಾ ನನ್ನ ಮಗ ಮುಟ್ಟೋಕೆ ಬಿಡ್ತಿರಲಿಲ್ಲ! ಸೋಮಾರಿ, ಒಂದಿನ ಒರೆಸಿಟ್ಟವನಲ್ಲ ಅಂತ ಬೈತಿದ್ದೆ.”

“ಅವರನ್ನೇ ಒಂದು ಮಾತು ಕೇಳಬಾರದಿತ್ತಾ?”

“ಅವನು ತೀರ್ಕೊಂಡು ಮೂರು ತಿಂಗಳಾಯ್ತಪ್ಪ.”

ಅಂಗಡಿಯವರು ಭೂತಗನ್ನಡಿ ಕೆಳಗಿಟ್ಟರು.

“ತಪ್ಪು ತಿಳೀಬೇಡಿ ಅಮ್ಮ. ಮಾರೋಕೆ ತಂದಿದ್ರಾ?”

“ಮಾರೋದಾ! ಇವೆಲ್ಲ ಮೊಮ್ಮಗಳದ್ದು. ಅಪ್ಪ ಕೂಡಿಟ್ಟಿದ್ದರಲ್ಲಿ ಯಾವುದು ಎಲ್ಲಕ್ಕಿಂತ ಹೆಚ್ಚು ಬೆಲೇದು ಅಂತ ಕೇಳ್ಕೊಂಡು ಬಾ ಅಜ್ಜಿ ಅಂತ ಕಳಿಸಿದ್ದಾಳೆ. ಬಾಗಿಲಲ್ಲೇ ಕಾಯ್ತಿರ್ತಾಳೆ.”

“ಈಗ ಅವಳಿಗೆ ಏನು ಹೇಳ್ತೀರಿ?”

ಅಜ್ಜಿ ಒಂದೊಂದನ್ನೇ ಡಬ್ಬಿಗೆ ಹಾಕತೊಡಗಿದರು.

“ಇಷ್ಟು ಚೆನ್ನಾಗಿ ಇಟ್ಕೊಂಡಿರೋದನ್ನ ಕಂಡೇ ಇಲ್ಲ ಅಂದ್ರು ಅಂಗಡಿಯವರು, ಅಂತೀನಿ. ಮುಂದೆ ಯಾವತ್ತಾದ್ರೂ ಅವಳೇ ಬಂದು ಕೇಳಿದ್ರೆ ನೀವೂ ಹಾಗೇ ಅನ್ನಿ, ಆಯ್ತಾ?”

“ಆಯ್ತಮ್ಮ. ಹಾಗೇ ಅಂತೀನಿ.”

ಅಜ್ಜಿ ಮುಚ್ಚಳ ಒತ್ತಿ, ಡಬ್ಬಿ ಸದ್ದು ಮಾಡದಂತೆ ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದರು.