ಚಿತ್ರಗಂಬಳಿಯ ದಂಡು

ಕೂತ್ಕೊಳ್ಳಿ. ಹೂಂಗುಟ್ಟೋರು ಮುಂದೆ, ತೂಕಡಿಸೋರು ಹಿಂದೆ.

ಗಾಳಿಗೂ ದಾರಿ ಗೊತ್ತಿಲ್ಲದ ಒಂದು ಸೀಮೆ. ಅಲ್ಲೊಬ್ಬ ರಾಜ, ಯುದ್ಧ ಗೆದ್ದು ಬಂದ. ನಾನೇ ಕಣ್ಣಾರೆ ಕಂಡೆ ಅಂದ್ರೆ ನಂಬ್ತೀರಾ? ನಂಬಬೇಡಿ, ಅವತ್ತು ಸೌದೆಗೆ ಹೋಗಿದ್ದೆ.

ಗೆದ್ದವ ಸೋತ, ಸೋತವ ಸತ್ತ ಅಂತಾರೆ. ಈ ರಾಜ ಒಪ್ಪಬೇಕಲ್ಲ? ಡಂಗುರ ಹೊಡೆಸಿದ: "ನಮ್ಮ ಕಡೆ ಒಬ್ಬನೂ ಸತ್ತಿಲ್ಲ! ಯಾರೂ ಅಳುವಂತಿಲ್ಲ, ಎಡೆ ಇಡುವಂತಿಲ್ಲ!"

ಆ ಊರಲ್ಲಿ ಹೊನ್ನವ್ವ ಅಂತ ನೇಯೋ ಹೆಂಗಸು. ಒಬ್ಬನೇ ಮಗ ಕೆಂಚ, ದಂಡಿಗೆ ಹೋದವನು ಬರಲಿಲ್ಲ. ಎಡೆ ಕಾಣದ ಮಗ ಅಲ್ಲೆಲ್ಲೋ ಹಸಿದು ಕೂತಿರುವಾಗ, ತಾಯಿಗೆ ತುತ್ತು ಇಳಿದೀತಾ, ನೀವೇ ಹೇಳಿ?

ಅವಳಿಗೇ ಬಂತು ಅಪ್ಪಣೆ. ಗೆಲುವಿನ ಚಿತ್ರ ನೇಯಬೇಕು, ಅರಮನೆ ಗೋಡೆ ತುಂಬ, ಬಣ್ಣದ ಉಣ್ಣೆಯಲ್ಲಿ. ಪರದೇಶದ ರಾಜರ ಎದೆ ನಡುಗಬೇಕು.

"ನನ್ನ ಮೀಸೆ ಚೆನ್ನಾಗಿ ಬರಲಿ," ಅಂದ ರಾಜ.

"ಹಿಂದಿರೋ ದಂಡಿನೋರ ಮುಖ ಯಾರದು, ಬುದ್ಧಿ?" ಅಂದಳು ಹೊನ್ನವ್ವ.

"ಯಾರದಾದ್ರೂ ಇರಲಿ, ಹೋಗವ್ವ!"

ಕೇಳಿ, ಆ ನೇಯ್ಗೆಯ ಮರ್ಮ ಇಲ್ಲಿದೆ. ಮಗ್ಗದ ಮೇಲೆ ಚಿತ್ರದ ಮುಖ ನೆಲಕ್ಕೆ, ಬೆನ್ನು ನಮಗೆ. ಕೆಳಗಿಳಿಸೋ ತನಕ ಕಾಣೋದು ಬರೀ ನೇತಾಡೋ ನೂಲು. ಮಂತ್ರಿ ಬಂದ, ನೂಲು ಕಂಡ, ಹೋದ. ಸೇನಾಪತಿ ಬಂದ, ನೂಲು ಕಂಡ, ಹೋದ. ರಾಜನೇ ಬಂದ, "ಮೀಸೆ ಎಲ್ಲವ್ವ?" ಅಂದ, ನೂಲು ಕಂಡ, ಹೋದ.

ಹಬ್ಬದ ದಿನ ಕಂಬಳಿ ಗೋಡೆ ಏರಿತು. ಪರದೇಶದ ರಾಜರು ಕೂತಿದ್ದರು, ಊರೆಲ್ಲ ನೆರೆದಿತ್ತು. ಮೀಸೆಯೋ, ಅಬ್ಬಬ್ಬಾ, ಎರಡು ಹೋರಿ ಕೊಂಬು! ಅದರ ಹಿಂದೆ ಸಾಲು ಸಾಲು ದಂಡು.

"ಅಯ್ಯೋ, ನನ್ನ ಗಂಡ!" ಅಂದಳು ಒಬ್ಬಳು.

"ನನ್ನ ತಮ್ಮ ಕಣ್ರೇ!" ಅಂದಳು ಇನ್ನೊಬ್ಬಳು.

"ನಮ್ಮಪ್ಪ!" ಅಂದಳು ಮತ್ತೊಬ್ಬಳು.

ಗೋಳೋ ಅಂತು ಸಭೆ. ರಾಜ ಗುಡುಗಿದ: "ಯಾಕೆ ಅಳ್ತೀರಿ? ಒಬ್ಬನೂ ಸತ್ತಿಲ್ಲ ಅಂತ ಸಾರಿಲ್ವಾ?"

ಹೊನ್ನವ್ವ ಮುಂದೆ ಬಂದಳು.

"ಹಂಗಾದ್ರೆ ಕೆಳಗಿಳಿಸಿ ಕಳಿಸಿಕೊಡಿ, ಬುದ್ಧಿ. ಆ ಮೂಲೇಲಿ, ಮೊರದಂಥ ಕಿವಿಯೋನು, ಅವನೇ ನನ್ನ ಕೆಂಚ. ಹೆತ್ತವಳಿಗೆ ಹೆಗ್ಗಣ ಮುದ್ದು. ಮುದ್ದೆ ಮಾಡಿಟ್ಟು ಬಂದಿದ್ದೀನಿ, ಆರಿಹೋಗುತ್ತೆ."

ರಾಜ ಚಿತ್ರ ನೋಡಿದ. ಪರದೇಶದ ರಾಜರನ್ನ ನೋಡಿದ. ಆ ತಾಯಿಯನ್ನ ನೋಡಿದ. ಕಿರೀಟ ತೆಗೆದು ತೊಡೆ ಮೇಲಿಟ್ಟುಕೊಂಡ.

"ಮುದ್ದೆ ಇಲ್ಲಿಗೇ ತಾರವ್ವ," ಅಂದ. "ಎಲ್ಲರೂ ತನ್ನಿ. ಎಲೆ ಹಾಕಿ."

ಮೊದಲ ಎಲೆ ತಾನೇ ಹಾಸಿದ. ಹೊನ್ನವ್ವ ಎಡೆ ಇಟ್ಟಳು, ಮನಸಾರೆ ಅತ್ತಳು, ಆಮೇಲೆ ತಾನೂ ಒಂದು ತುತ್ತು ಉಂಡಳು. ಇಳೀತು.

ಅವರು ಅಲ್ಲಿ ಗೋಡೆ ಮೇಲೆ, ನಾವು ಇಲ್ಲಿ ಜಗುಲಿ ಮೇಲೆ. ಏಳಿ, ನಿಮ್ಮ ಮನೇಲೂ ಕಾಯ್ತಿರ್ತಾರೆ.