ತಂತಿಯಿಲ್ಲದ ಸ್ವಿಚ್ಚು

ವಾಡಿಯಲ್ಲಿ ಮುಂಜಾನೆ ಹಿಡಿದ ಮಳೆ ಬಿಟ್ಟಿರಲಿಲ್ಲ. ಕರೆಂಟು ಹೋಗಿ ಸಂಜೆಯಾಗಿತ್ತು. ಮೊಮ್ಮಕ್ಕಳೆಲ್ಲ ಕಂದೀಲಿನ ಸುತ್ತ ಸೇರಿದ್ದರು. ಗೋಡೆಗೆ ಬಡಿದಿದ್ದ ಹಳೆಯ ಕಪ್ಪು ಸ್ವಿಚ್ಚನ್ನು ಟಕ್ಕನಿಸಿದ ಗುರುದೇವಿ ಥಟ್ಟನೆ ಕೈ ಹಿಂದೆಳೆದಳು. ಹಣಮಮ್ಮಜ್ಜಿ ನಕ್ಕಳು.

“ಅದು ರೇವಣಪ್ಪ ಮೇಸ್ತ್ರಿಂದವ್ವಾ. ಬರ್ರಿ, ಕುಂದ್ರಿ, ಹೇಳ್ತೀನಿ...

ನಿಜಾಮನ ರಾಜ್ಯ ಹೋಗಿ ನಾಕೈದು ವರ್ಷ ಆಗಿತ್ತು. ಶಹಾಬಾದದಾಗ ರೇವಣಪ್ಪಂದು ಸಣ್ಣ ಕಾರ್ಖಾನಿ. ಬೇಕಲೈಟಿನ ಪುಡಿ ಅಚ್ಚಿನಾಗ ಹಾಕಿ, ಕಾಸಿ, ಒತ್ತಿ ಸ್ವಿಚ್ಚು ಮಾಡ್ತಿದ್ರು. ಪುಡಿಯಾಗ ಹಸಿ ಉಳೀತಂದ್ರ ಒಳಗ ಗುಳ್ಳಿ ಏಳ್ತಾವ, ಮುಟ್ಟಿದವರಿಗೆ ಕರೆಂಟು ಹೊಡೀತದ. ಅದಕ್ಕ ಆ ಪುಣ್ಯಾತ್ಮ ಏನ್ ಮಾಡ್ತಿದ್ದ ಅಂತೀರಿ? ಫರ್ಸಿ ಕಲ್ಲು ಹದಾ ಕಾಸಿ, ಅದರ ಮ್ಯಾಲ ತಾಟಿನಾಗ ಪುಡಿ ಹರವಿ, ಪುಡಿ ಮ್ಯಾಲೊಂದು ಕಾಜಿನ ಗ್ಲಾಸು ಬೋರಲು ಹಾಕ್ತಿದ್ದ. ಗ್ಲಾಸಿಗೆ ಮಬ್ಬು ಕಟ್ತೋ, ಇನ್ನಾ ಹಸಿ ಅದ. ಕಟ್ಟಲಿಲ್ಲೋ, ಅಚ್ಚಿಗೆ ಹಾಕು. ಭಾಳ ಸಿಟ್ಟಿನ ಮನಷ್ಯಾ... ಆದ್ರ ಅವನ ಸ್ವಿಚ್ಚು ಮುಟ್ಟಿ ಒಬ್ರೂ ಹಾ ಅಂದಿಲ್ಲ. ಎಂಥಾ ಕೈ ಅದು!

ಅವ ಸತ್ತ ಮ್ಯಾಲ, ಅದೇ ವರ್ಷದ ಮಳಿಗಾಲದಾಗ ಚಿತ್ತಾಪುರದ ಹೆರಿಗಿ ಖೋಲಿಗೆ ಸ್ವಿಚ್ಚು ಬೇಕಾದ್ವು. ನಾ ದಿನ ತುಂಬಿದ ಬಸರಿ, ಅದೇ ಖೋಲ್ಯಾಗ ಹಡಿಬೇಕು. ನಿಮ್ಮಜ್ಜ ಖಂಡಪ್ಪ ಅದೇ ಕಾರ್ಖಾನ್ಯಾಗ ಅಚ್ಚಿನ ಕೆಲಸದಂವ. ನಾ ಕತ್ತಲದಾಗ ಹಡೀಬಾರದು ಅಂತ ಭಾಳ ಅವಸರ ಅವಗ... ಪುಡಿ ಒಣಗಿಸಿ, ಮಳಿ ಇರಚಲು ಬಡೀತದಂತ, ಜ್ವಾಳದ ರಾಶಿಗೆ ಹೊಚ್ಚೋಹಂಗ ಗೋಣಿ ತಟ್ಟು ಹೊಚ್ಚಿ, ಬಾಗಲಾ ಕೀಲಿ ಹಾಕಿ ಉಣ್ಣಾಕ ಹ್ವಾದ. ಮಳಿಗಾಲದ ಗೋಣಿ! ಅದರ ಹಸಿ ಎಲ್ಲಾ ಪುಡಿ ಕುಡೀತು. ಅವಗ ಹೆಂಗ ತಿಳೀಬೇಕು?

ಬಂದು ಕೀಲಿ ತಗದು ನೋಡ್ತಾನ... ಗೋಣಿ ಮಡಚಿ ಬದಿಗಿ ಇಟ್ಟದ. ಪುಡಿ ಮ್ಯಾಲ ಗ್ಲಾಸು ಬೋರಲು ಬಿದ್ದದ. ಗ್ಲಾಸಿನ ತುಂಬ ಮಬ್ಬು, ಮಬ್ಬಿನಾಗ ಒಂದು ಬೆರಳಿನ ಗೀರು. ಧೋತರದ ಚುಂಗಿಲೆ ಒರಸಿದ, ಹೋಗಲಿಲ್ಲ. ಯಾಕಂತೀರಿ? ಗೀರು ಗ್ಲಾಸಿನ ಒಳಗಡಿ ಇತ್ತು...

ಮೇಸ್ತ್ರಿಗೆ ಕೈ ಮುಗದು, ಪುಡಿ ಮತ್ತ ಹರವಿ, ಗ್ಲಾಸು ತಿಳಿ ಆಗೂತನಾ ಕಾದು, ಆಮ್ಯಾಲ ಒತ್ತಿದ.

ನಾ ಹಡಿಯೋ ದಿನ ಇಂಥದೇ ಮಳಿ. ಸೂಲಗಿತ್ತಿ ಸೂಗಮ್ಮ ತೊಯ್ದ ಕೈಲೆ ಸ್ವಿಚ್ಚು ಹಾಕಿದ್ಳು... ಬೆಳಕಾತು, ಅಷ್ಟ. ನಿಮ್ಮಪ್ಪ ಹುಟ್ಟಿದ.”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಯತ್ತ ತಿರುಗಿದಳು.

“ಆ ಖೋಲಿ ಕೆಡವಿದಾಗ ನಿಮ್ಮಜ್ಜ ಇದನ್ನ ಬಿಚ್ಚಿ ತಂದ. ಇದಕ್ಕ ತಂತಿ ಇಲ್ಲ. ಮುಂಜಾನಿಂದ ಗ್ವಾಡಿ ನೀರು ಜಿನಗಲಿಕತ್ತದ... ಗುರುದೇವಿ, ಆಗಳೇ ಯಾಕ ಕೈ ತಗದಿ? ಬೆಚ್ಚಗಿತ್ತಲ್ಲ?... ಇನ್ನಾ ಒಣಗಸಲಿಕತ್ತಾನ ಮೇಸ್ತ್ರಿ.”